“ಚಹಾ ಆರಿದೆ” ಎಂದರು ಬೀಗರು

ಹೆಬ್ಬಳ್ಳಿ
14 ಜುಲೈ 1996

ಮಾಲತೇಶ ಮಾಸ್ತರರಿಗೆ ಹೆಬ್ಬಳ್ಳಿಯ ಭುವನೇಶ್ವರಿ ಹೊಳೆಯಪ್ಪ ಮಾಡುವ ನಮಸ್ಕಾರ.

ಹೆಸರು ಓದಿದರೆ ನಿಮಗೆ ಏನೂ ನೆನಪಾಗಲಿಕ್ಕಿಲ್ಲ. ನಾನೇ ನೆನಪು ಮಾಡಿಕೊಡುತ್ತೇನೆ. ಎಂಟು ವರ್ಷದ ಹಿಂದೆ ನೀವು ನಿಮ್ಮ ತಾಯಿಯವರನ್ನೂ ಸೋದರಮಾವನನ್ನೂ ಕರೆದುಕೊಂಡು ನಮ್ಮ ಮನೆಗೆ ಕನ್ಯಾ ನೋಡಲು ಬಂದಿದ್ದಿರಿ. ಆ ಕನ್ಯೆ ನಾನು. ಬೇರೆಯವರು ಹುಡುಗಿಯ ಕೈಯಿಂದ ರಂಗೋಲಿ ಹಾಕಿಸುತ್ತಾರೆ, ಹಾಡು ಹೇಳಿಸುತ್ತಾರೆ. ನೀವು ಇಂಗ್ಲಿಷ್ ಮಾಸ್ತರರು. ನನ್ನನ್ನು ಚಾಪೆಯ ಮೇಲೆ ಕೂರಿಸಿ ಒಂದು ಶಬ್ದ ಕೊಟ್ಟಿರಿ, sourly. “ಸೌರ್ಲಿ. ಅರ್ಥ ಹೇಳ್ರಿ, ವಾಕ್ಯದಾಗ ಉಪಯೋಗ ಮಾಡಿ ತೋರಸ್ರಿ” ಎಂದಿರಿ.

ಅದೇ ಆಗ ನಿಮ್ಮ ತಾಯಿಯವರು ಕಪ್ಪನ್ನು ಕೆಳಗಿಟ್ಟು, ಮುಖ ಸಿಂಡರಿಸಿ, “ಚಹಾ ಆರೇತಲ್ರಿ” ಎಂದಿದ್ದರು. ನನಗೆ ಬೇರೆ ವಾಕ್ಯ ಹುಡುಕುವ ಕೆಲಸವೇ ಇರಲಿಲ್ಲ. “‘ದ ಟೀ ಈಸ್ ಕೋಲ್ಡ್,’ ಸೆಡ್ ದ ಗೆಸ್ಟ್ ಸೌರ್ಲಿ” ಎಂದೆ. ಚಹಾ ಆರಿದೆ ಎಂದು ಬೀಗರು ಮುಖ ಸಿಂಡರಿಸಿಕೊಂಡು ಹೇಳಿದರು. ನೀವು ನಕ್ಕಿರಿ. ನಗು ನೋಡಿ ನಾನು ಪಾಸಾದೆ ಅಂದುಕೊಂಡೆ, ಹುಚ್ಚಿ.

ಒಂದು ವಾರದ ಮೇಲೆ, ನಡುವೆ ನಿಂತು ಸಂಬಂಧ ತಂದಿದ್ದ ಫಕೀರಪ್ಪ ಕಾಕಾ ಬಂದು ಹೇಳಿದ್ದು ಒಂದೇ ಮಾತು: “ಹುಡುಗಿಗೆ ಇಂಗ್ಲೀಷ್ ಬರಂಗಿಲ್ಲಂತ.”

ನೀವು ಒಲ್ಲೆ ಎಂದಿರಿ, ಅದಕ್ಕೆ ನನ್ನ ಜಗಳವಿಲ್ಲ. ನನ್ನ ಅಪ್ಪ ಹೊಳೆಯಪ್ಪ ಹುಣಸೆಹಣ್ಣಿನ ವ್ಯಾಪಾರಿ. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಕಂಡವರಿಗೆಲ್ಲ “ನನ್ನ ಮಗಳು ಬಿ.ಎ. ಮಾಡ್ಯಾಳ್ರಿ, ಟಸ್‌ಪುಸ್ ಇಂಗ್ಲೀಷ್ ಮಾತಾಡ್ತಾಳ” ಎಂದು ಹೇಳಿಕೊಂಡು ತಿರುಗುತ್ತಿದ್ದ. ನಿಮ್ಮ ಮಾತು ನನಗಿಂತ ಮೊದಲು ಯಾರ್ಡಿಗೆ ಮುಟ್ಟಿತ್ತು. ಅಂದು ಮನೆಗೆ ಬಂದವನೇ, ಧಾರವಾಡದಲ್ಲಿ ನನಗೆ ಸಿಕ್ಕಿದ್ದ ಬಿ.ಎಡ್. ಸೀಟು ಬಿಡಿಸಿದ. “ಇಂಗ್ಲೀಷ್ ಬರಲಾರದಾಕಿ ಮಂದಿ ಮಕ್ಕಳಿಗೆ ಏನ್ ಕಲಸ್ತಿ? ನನ್ನ ನಗಿಗೀಡ ಮಾಡಿದಿ” ಎಂದ. ನನ್ನ ಉತ್ತರ ಖರೇ ಇತ್ತು ಎಂದು ಅತ್ತು ಕೂಗಾಡಿದೆ. “ಮಾಸ್ತರ ಸುಳ್ಳ ಹೇಳ್ತಾರೇನು?” ಎಂದ. ಈಗ ಅಂಗನವಾಡಿಯಲ್ಲಿ ಹುಡುಗರಿಗೆ ಉಪ್ಪಿಟ್ಟು ತಿನ್ನಿಸಿ, ಮೂಗು ಒರೆಸಿ, ಮಲಗಿಸುತ್ತೇನೆ.

ಮೊನ್ನೆ ನಮ್ಮ ಓಣಿಯ ಸೈಕಲ್ ರಿಪೇರಿ ಶರೀಫಸಾಬರ ಮಗಳು ಗುಲ್ನಾಜ ಒಂದು ಪುಸ್ತಕ ತಂದಳು. ಪಿಯುಸಿ ಓದುವ ಹುಡುಗಿ, ನನ್ನ ಹತ್ತಿರ ಪಾಠ ಕೇಳಲು ಬರುತ್ತಾಳೆ. ‘ಇಂಗ್ಲಿಷ್ ಶಬ್ದಗಳು: ಅರ್ಥ ಮತ್ತು ಪ್ರಯೋಗ’, ಬರೆದವರು ನೀವು. ಸೌರ್ಲಿ ಶಬ್ದದ ಕೆಳಗೆ ನನ್ನ ವಾಕ್ಯ ಕೂತಿದೆ. ಅದೇ ಚಹಾ, ಅದೇ ಬೀಗರು.

ಅಂದರೆ ನನ್ನ ಉತ್ತರ ತಪ್ಪಿರಲಿಲ್ಲ. ನನಗೆ ಬೇಕಾದದ್ದು ಇಷ್ಟೇ: ಈ ಮಾತನ್ನು ನನ್ನ ಅಪ್ಪನ ಹೆಸರಿಗೆ ಎರಡು ಸಾಲು ಬರೆದು ಕಳಿಸಿ. ಆತನಿಗೆ ಓದಲು ಬರುವುದಿಲ್ಲ, ನಾನು ಓದಿ ಹೇಳುತ್ತೇನೆ.

ಇನ್ನೊಂದು ಮಾತು. ಅರ್ಥದ ಕಡೆ ‘ಹುಳಿಯಾಗಿ’ ಎಂದು ಬರೆದಿದ್ದೀರಿ. ಮಾತನ್ನು ಹುಳಿಯಾಗಿ ಆಡಲು ಅದೇನು ಸಾರೇನ್ರಿ? ಹುಣಸೆಹಣ್ಣಿನ ವ್ಯಾಪಾರಿಯ ಮಗಳು ಹೇಳುತ್ತೇನೆ, ಕೇಳಿ: ಒಳಗಿನ ಬೇಸರ ನಾಲಗೆಗೆ ಹತ್ತಿ, ಮಾತಿನ ಜೊತೆ ಹೊರಗೆ ಬಂದರೆ ಅದು ಸೌರ್ಲಿ.

ಭುವನೇಶ್ವರಿ


ಗೋಪನಕೊಪ್ಪ, ಹುಬ್ಬಳ್ಳಿ
22 ಆಗಸ್ಟ್ 1996

ಸೌ. ಭುವನೇಶ್ವರಿಯವರಿಗೆ ಆಶೀರ್ವಾದಗಳು.

ತಮ್ಮ ಪತ್ರ ತಲುಪಿತು. ಗ್ರಾಮಾಂತರ ಭಾಗದಲ್ಲಿಯೂ ನನ್ನ ಗ್ರಂಥವನ್ನು ಇಷ್ಟು ಸೂಕ್ಷ್ಮವಾಗಿ ಓದುವವರಿದ್ದಾರೆಂದು ತಿಳಿದು ಸಂತೋಷವಾಯಿತು. ತಾವು ಹೇಳುವ ಪ್ರಸಂಗ ನನಗೆ ಅಸ್ಪಷ್ಟವಾಗಿ ನೆನಪಿದೆ. ಆ ವರ್ಷ ನಾವು ಹಲವು ಕಡೆ ಹೋಗಿದ್ದೆವು.

ಶಬ್ದಪ್ರಯೋಗದ ವಾಕ್ಯಗಳು ಯಾರೊಬ್ಬರ ಸ್ವತ್ತೂ ಅಲ್ಲ ಎಂಬುದು ತಮಗೆ ಗೊತ್ತಿರಬಹುದು. ಸಂತೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ನಾವು ಎತ್ತಿಕೊಳ್ಳುತ್ತೇವೆ. ಆದರೂ ತಮ್ಮ ಆಸಕ್ತಿಯನ್ನು ಮೆಚ್ಚಿ ಗ್ರಂಥದ ಒಂದು ಪ್ರತಿಯನ್ನು ಸಹಿ ಮಾಡಿ ಕಳಿಸುತ್ತಿದ್ದೇನೆ. ಹಳೆಯದನ್ನು ಕೆದಕುವುದರಲ್ಲಿ ಯಾರಿಗೂ ಹಿತವಿಲ್ಲ. ತಮ್ಮ ಯಜಮಾನರಿಗೂ ಮಕ್ಕಳಿಗೂ ನನ್ನ ಶುಭಾಶಯ ತಿಳಿಸಿ.

ಮಾಲತೇಶ


ಹೆಬ್ಬಳ್ಳಿ
2 ಸೆಪ್ಟೆಂಬರ್ 1996

ಮಾಸ್ತರರೇ,

ಪುಸ್ತಕ ಯಾರು ಕೇಳಿದ್ದರು? ಎರಡು ಸಾಲು ಕೇಳಿದರೆ ಇನ್ನೂರು ಪುಟ ಕಳಿಸಿದ್ದೀರಿ. ಇರಲಿ, ಗುಲ್ನಾಜಳ ಪುಸ್ತಕದ ರಟ್ಟು ಕಿತ್ತಿತ್ತು, ಇದನ್ನು ಅವಳಿಗೆ ಕೊಟ್ಟೆ.

ನಾನು ಸೌ. ಅಲ್ಲ. ನನಗೆ ಯಜಮಾನರೂ ಇಲ್ಲ, ನಿಮ್ಮ ಶುಭಾಶಯ ಯಾರಿಗೆ ತಿಳಿಸಲಿ? ಇಂಗ್ಲಿಷ್ ಬರುವುದಿಲ್ಲ ಎಂದು ಬಿಟ್ಟು ಹೋದ ಹುಡುಗಿಯನ್ನು ನೋಡಲು ಆಮೇಲೆ ಬಂದವರು, ಇನ್ನೂ ಏನೇನು ಬರುವುದಿಲ್ಲ ಎಂದು ಹುಡುಕಲಿಕ್ಕೇ ಬಂದರು. ನನಗೂ ಸಾಕಾಯಿತು, ಒಲ್ಲೆ ಎಂದೆ.

ವಾಕ್ಯ ನಿಮ್ಮದೇ ಇರಲಿ, ಬೇಕಾದರೆ ತಾಮ್ರಪಟ ಮಾಡಿಸಿಕೊಳ್ಳಿ. ನಾನು ಕೇಳಿದ್ದು ವಾಕ್ಯವನ್ನಲ್ಲ. ನನ್ನ ಅಪ್ಪ ನನ್ನ ಜೊತೆ ಮಾತಾಡುತ್ತಾನೆ, ಉಣ್ಣುತ್ತಾನೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾನೆ. ಆದರೆ ಮನೆಗೆ ಇಂಗ್ಲಿಷಿನ ಕಾಗದ ಏನಾದರೂ ಬಂದರೆ ನನ್ನ ಕೈಗೆ ಕೊಡುವುದಿಲ್ಲ. ಅದನ್ನು ಧೋತರದಲ್ಲಿ ಸಿಕ್ಕಿಸಿಕೊಂಡು ಪೋಸ್ಟ್‌ಮಾಸ್ತರರ ಹತ್ತಿರ ಹೋಗುತ್ತಾನೆ. ನನ್ನ ಎದುರಿಗೇ ಹೋಗುತ್ತಾನೆ. ಅದು ಹೆಂಗಿರುತ್ತದೆ ಎಂದು ನಿಮಗೆ ತಿಳಿಯಲಿಕ್ಕಿಲ್ಲ. ಎರಡು ಸಾಲು ಬರೆಯಿರಿ.

ಭುವನೇಶ್ವರಿ


ಹುಬ್ಬಳ್ಳಿ
19 ಜನವರಿ 1997

ಕುಮಾರಿ ಭುವನೇಶ್ವರಿಯವರಿಗೆ,

ತಮ್ಮ ಪತ್ರವನ್ನು ಓದಿ ಬಹಳ ದಿನ ಚಡಪಡಿಸಿದೆ. ತಾವು ಮದುವೆಯಾಗದೇ ಉಳಿದಿದ್ದೀರಿ ಎಂಬುದು ನನಗೆ ಗೊತ್ತಿರಲಿಲ್ಲ. ಒಮ್ಮೆ ನೋಡಿದವರನ್ನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಳ್ಳುವುದು ಸಣ್ಣ ಮಾತಲ್ಲ. ಆದರೆ ನಾನೀಗ ಸಂಸಾರಸ್ಥ. ನನ್ನ ಪತ್ನಿ ಸುಕನ್ಯಾ ಒಳ್ಳೆಯ ಸ್ವಭಾವದವಳು, ಮನೆಗೆ ಬಂದ ಟಪಾಲನ್ನು ಮೊದಲು ಅವಳೇ ಒಡೆಯುತ್ತಾಳೆ. ದಯಮಾಡಿ ಇನ್ನು ಮುಂದೆ ನನ್ನ ಟ್ಯುಟೋರಿಯಲ್ಲಿನ ವಿಳಾಸಕ್ಕೆ ಬರೆಯಿರಿ.

ತಂದೆಯವರಿಗೆ ಬರೆಯುವ ವಿಚಾರ: ಆ ಮಾತನ್ನು ಹೇಳಿ ಕಳಿಸಿದವರು ನನ್ನ ತಾಯಿ. ಅವರು ಇನ್ನೂ ನಮ್ಮೊಂದಿಗಿದ್ದಾರೆ. ಹೆತ್ತ ತಾಯಿ ಸುಳ್ಳು ಹೇಳಿದಳು ಎಂದು ಮಗ ತನ್ನ ಕೈಯಾರೆ ಹೇಗೆ ಬರೆದುಕೊಡಲಿ? ತಾವೂ ಒಬ್ಬ ಮಗಳು, ತಮಗೆ ಅರ್ಥವಾಗುತ್ತದೆ.

ಮಾ.


ಹೆಬ್ಬಳ್ಳಿ
27 ಜನವರಿ 1997

ಅಯ್ಯ ಶಿವನೇ! ಮಾಸ್ತರರೇ, ನಿಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆಯೇ ನಾನು? ಅಂದು ನೀವು ಹಾಕಿಕೊಂಡಿದ್ದ ಅಂಗಿಯ ಬಣ್ಣವೂ ನನಗೆ ನೆನಪಿಲ್ಲ. ನೆನಪಿರುವುದು ಚಹಾ ಒಂದೇ. ಅದೂ ಆರಿರಲಿಲ್ಲ, ನನ್ನ ಕೈ ಸುಟ್ಟಿತ್ತು.

ನಿಮ್ಮ ಕಾಗದವನ್ನು ಗುಲ್ನಾಜಗೆ ಓದಿ ಹೇಳಿದೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ಮನೆಗೆ ಹೋದಳು, ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮ ತಾಯಿಯ ಮಾತನ್ನು ಉಳಿಸಲು ನನ್ನ ಅಪ್ಪ ಇನ್ನೆಷ್ಟು ವರ್ಷ ಪೋಸ್ಟ್‌ಮಾಸ್ತರರ ಬಾಗಿಲಿಗೆ ಹೋಗಬೇಕು? ಈಗ ಆತನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಯಾರ್ಡಿಗೆ ಹೋಗುವುದನ್ನು ಬಿಟ್ಟಿದ್ದಾನೆ. ಓಣಿಯ ಕಟ್ಟೆಯ ಮೇಲೆ ಕೂತು, ಹೋಗುವವರ ಕಾಲಿನ ಸಪ್ಪಳ ಕೇಳುತ್ತಾನೆ.

ನೀವು ಬರೆಯಿರಿ. ಇಲ್ಲವಾದರೆ ಬರೆಯುವುದಿಲ್ಲ ಎಂದು ಒಂದು ಕಾರ್ಡು ಹಾಕಿ. ಅದನ್ನಾದರೂ ಖರೇ ಹೇಳಿ.

ಭುವನೇಶ್ವರಿ


ಗೋಪನಕೊಪ್ಪ, ಹುಬ್ಬಳ್ಳಿ
8 ನವೆಂಬರ್ 1998

ಕುಮಾರಿ ಭುವನೇಶ್ವರಿಯವರಿಗೆ,

ತಾವು ಮತ್ತೆ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಕಳೆದ ತಿಂಗಳು ನನ್ನ ತಾಯಿ ತೀರಿಕೊಂಡರು. ಕ್ರಿಯಾಕರ್ಮ ಮುಗಿದ ಮೇಲೆ ನನಗೆ ಮೊದಲು ನೆನಪಾದದ್ದು ತಮ್ಮ ಎರಡು ಸಾಲು. ಇದರ ಜೊತೆ ತಂದೆಯವರ ಹೆಸರಿಗೆ ಬೇರೆ ಕಾಗದ ಇಟ್ಟಿದ್ದೇನೆ:

‘ಹೊಳೆಯಪ್ಪನವರಿಗೆ ನಮಸ್ಕಾರ. ತಮ್ಮ ಮಗಳು ಅಂದು ಕೊಟ್ಟ ಉತ್ತರ ಸರಿಯಾಗಿತ್ತು. ಆಕೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಇಂಗ್ಲಿಷ್ ಮಾಸ್ತರ ಮಾಲತೇಶ.’

ತಮ್ಮ ಮನಸ್ಸಿಗೆ ಇನ್ನು ಸಮಾಧಾನವಾಗಲಿ.

ಮಾಲತೇಶ


ಹೆಬ್ಬಳ್ಳಿ
16 ನವೆಂಬರ್ 1998

ಮಾಲತೇಶ ಸರ್,

ನಿಮ್ಮ ತಾಯಿಯವರ ಸುದ್ದಿ ಓದಿ ಕೆಡುಕೆನಿಸಿತು. ನನಗೆ ಅವರ ಮೇಲೆ ಸಿಟ್ಟಿತ್ತು, ಸಾಯಲಿ ಎಂಬಷ್ಟು ಇರಲಿಲ್ಲ.

ನಿಮ್ಮ ಕಾಗದ ಬಂದ ದಿನ ನಾನು ಅಂಗನವಾಡಿಯ ಬೀಗ ಬೇಗ ಹಾಕಿ ಓಡುತ್ತ ಮನೆಗೆ ಬಂದೆ. ಅಪ್ಪನ ಪಕ್ಕದಲ್ಲಿ ಕೂತು ಓದಿದೆ. ಇನ್ನೊಮ್ಮೆ ಓದು ಎಂದ. ಓದಿದೆ. ಕಾಗದ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದು ನೋಡಿದ. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು ಏನಂದ ಗೊತ್ತೇ?

“ನೀನ ಬರದೀಯವಾ ಇದನ್ನ. ಬರದಾಕಿನೂ ನೀನ, ಓದಾಕಿನೂ ನೀನ. ಇರಲಿ ಬಿಡು.”

ಆಣೆ ಮಾಡಿದೆ. ಲಕೋಟೆಯ ಮೇಲಿನ ಹುಬ್ಬಳ್ಳಿಯ ಮುದ್ರೆ ತೋರಿಸಿದೆ. ಪೊರೆ ಬಂದ ಕಣ್ಣಿಗೆ ಮುದ್ರೆ ಎಲ್ಲಿ ಕಾಣಬೇಕು? ಪೋಸ್ಟ್‌ಮಾಸ್ತರರ ಹತ್ತಿರ ಓದಿಸೋಣ ನಡಿ ಎಂದೆ. “ಊರ ಮಂದಿ ಮುಂದ ಮತ್ತ ಯಾಕ?” ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಇನ್ನು ಉಳಿದದ್ದು ಒಂದೇ ದಾರಿ. ನೀವು ಬರಬೇಕು. ಗೋಪನಕೊಪ್ಪಕ್ಕೂ ಹೆಬ್ಬಳ್ಳಿಗೂ ಏನು ಮಹಾ ದೂರ? ಬಂದು ಕಟ್ಟೆಯ ಮೇಲೆ ಆತನ ಪಕ್ಕದಲ್ಲಿ ಕೂತು, ಬರೆದದ್ದನ್ನೇ ಬಾಯಿಂದ ಹೇಳಿ ಹೋಗಿ. ದನಿ ಕೇಳಿದರೆ ನಂಬುತ್ತಾನೆ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ಕೈ ಮುಗಿದು ಬರೆಯುತ್ತಿದ್ದೇನೆ.

ಭುವನೇಶ್ವರಿ


ಹುಬ್ಬಳ್ಳಿ
4 ಡಿಸೆಂಬರ್ 1998

ಭುವನೇಶ್ವರಿಯವರೇ,

ಬರುತ್ತೇನೆ. ಈ ತಿಂಗಳ 20, ಭಾನುವಾರ. ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ. ತಂದೆಯವರಿಗೆ ತಿಳಿಸಿ.

ಮಾಲತೇಶ


ಹೆಬ್ಬಳ್ಳಿ
21 ಡಿಸೆಂಬರ್ 1998

ಮಾಸ್ತರರೇ,

ನಿನ್ನೆ ಮುಂಜಾನೆ ಅಪ್ಪನಿಗೆ ಕ್ಷೌರ ಮಾಡಿಸಿ, ಒಗೆದ ಧೋತರ ಉಡಿಸಿ, ಕಟ್ಟೆಯ ಮೇಲೆ ಕೂರಿಸಿದೆ. ಒಗ್ಗರಣೆ ಅವಲಕ್ಕಿ ಮಾಡಿದೆ. ನಿಮ್ಮ ದೆಸೆಯಿಂದ ಚಹಾವನ್ನು ಮತ್ತೆ ಮತ್ತೆ ಕಾಸಿದೆ, ಈ ಸಲ ಆರಿದೆ ಅನ್ನಬಾರದು ಎಂದು. ಮೊದಲ ಬಸ್ಸು ಬಂತು, ಮಧ್ಯಾಹ್ನದ ಬಸ್ಸು ಬಂತು. ಒಲೆ ಬಿಟ್ಟು ನಾನು ಏಳಲಿಲ್ಲ. ಸಂಜೆಗೆ ಅವಲಕ್ಕಿಯನ್ನು ಎಮ್ಮೆಯ ಮುಂದೆ ಸುರಿದೆ.

ನಿಮ್ಮಿಂದ ನೆವ ಕೇಳುವುದಿಲ್ಲ. ರಾತ್ರಿ ಉಣ್ಣಲು ಕೂತಾಗ ಅಪ್ಪ ಏನೋ ಹೇಳಲು ಬಂದ. ನನಗೆ ಯಾರ ಮಾತೂ ಬೇಡವಾಗಿತ್ತು. ಇನ್ನು ಬರೆಯಬೇಡಿ.

ಭುವನೇಶ್ವರಿ


ಗೋಪನಕೊಪ್ಪ, ಹುಬ್ಬಳ್ಳಿ
11 ಜೂನ್ 2001

ಪ್ರಿಯ ಭುವನೇಶ್ವರಿಯವರೇ,

ಬರೆಯಬೇಡಿ ಎಂದಿದ್ದಿರಿ. ಎರಡೂವರೆ ವರ್ಷ ತಮ್ಮ ಮಾತು ಪಾಲಿಸಿದೆ. ಈಗ ನನ್ನ ಗ್ರಂಥದ ಮೂರನೆಯ ಮುದ್ರಣ ಬಂದಿದೆ, ಒಂದು ಪ್ರತಿ ಕಳಿಸಿದ್ದೇನೆ. ಸೌರ್ಲಿ ಶಬ್ದದ ಅರ್ಥವನ್ನು ತಿದ್ದಿದ್ದೇನೆ: ‘ಒಳಗಿನ ಬೇಸರ ನಾಲಗೆಗೆ ಹತ್ತಿ ಮಾತಿನೊಂದಿಗೆ ಹೊರಬರುವಂತೆ’. ಬಹಳ ಜನ ಮೆಚ್ಚಿದರು. ಮುನ್ನುಡಿಯಲ್ಲಿ ‘ಸಲಹೆ ನೀಡಿದ ಹೆಬ್ಬಳ್ಳಿಯ ಕು. ಭುವನೇಶ್ವರಿ’ ಎಂದು ತಮ್ಮ ಹೆಸರನ್ನೂ ಸೇರಿಸಿದ್ದೇನೆ.

ಇನ್ನು ಅಂದಿನ ಭಾನುವಾರದ ವಿಷಯ. ನಾನು ಬಂದಿದ್ದೆ.

ಮೊದಲ ಬಸ್ಸಿಗೇ ಬಂದೆ. ತಮ್ಮ ಓಣಿಯ ಕಟ್ಟೆಯ ಮೇಲೆ ತಂದೆಯವರು ಕೂತಿದ್ದರು. ಪಕ್ಕದಲ್ಲಿ ಕೂತೆ. ಒಗ್ಗರಣೆಯ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. “ಯಾರ್ರಿ, ಯಾವೂರು?” ಎಂದು ಕೇಳಿದರು. ನನ್ನ ಹೆಸರು ಬಾಯಿಂದ ಹೊರಡಲಿಲ್ಲ. “ಹುಬ್ಬಳ್ಳಿರಿ, ಬಸ್ಸಿಗೆ ಕುಂತೇನಿ” ಎಂದೆ. ಅವರಿಗೂ ಮಾತು ಬೇಕಾಗಿತ್ತು. ಅವರು ಆಡಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ.

“ಇವತ್ತ ಒಬ್ರು ಮಾಸ್ತರ ಬರ್ತಾರಂತ ನನ್ನ ಮಗಳು ನನ್ನ ಮದಿಮಗನ ಹಂಗ ತಯಾರ ಮಾಡಿ ಕುಂದ್ರಿಸ್ಯಾಳ್ರಿ. ಆಕಿಗೆ ಇಂಗ್ಲೀಷ್ ಬರ್ತೈತಿ ಅಂತ ಹೇಳಾಕ ಬರ್ತಾರಂತ. ನನಗ ಗೊತ್ತಿಲ್ಲೇನ್ರಿ ಅದು? ಓಣ್ಯಾಗಿನ ಗುಲ್ನಾಜಗ ನಮ್ಮ ಪಡಸಾಲ್ಯಾಗ ಕುಂತು ಕಲಿಸಿದಳು, ಆ ಹುಡುಗಿ ಛಲೋ ಪಾಸಾತು. ಕಣ್ಣು ಹೋಗ್ಯಾವ, ಕಿವಿ ಅದಾವಲ್ರಿ. ಎಲ್ಲಾ ಕೇಳೇನಿ.”

“ಮತ್ತ ಹೌದು ಅನ್ರಲ್ಲ ಆಕಿಗೆ” ಎಂದೆ.

“ಹೌದು ಅಂದ್ರ, ಆಕಿ ಕಲಿಯೂದು ಬಿಡಿಸಿದಾಂವ ನಾನ ಅಂತ ಆತಲ್ರಿ. ಮಾಸ್ತರ ಹೇಳಿದ್ದು ಖರೇ ಅಂತ ಹಿಡಕೊಂಡು ಕುಂತ್ರ ನನ್ನ ತಪ್ಪು ನನಗ ಕಾಣಂಗಿಲ್ಲ. ಆ ಕಾಗದ ಬಂದಾಗನೂ ಅದಕ್ಕ ನೀನ ಬರದಿ ಅಂದೆ. ಅದು ಖರೇ ಅಂತ ಒಪ್ಪಿದ್ರ, ನನಗ ಆಕಿ ಮುಂದ ಕುಂತು ಉಣ್ಣಾಕ ಆಗತಿದ್ದಿಲ್ಲ.” ಆಮೇಲೆ, “ಆ ಮಾಸ್ತರ ಬರಂಗಿಲ್ಲ ಬಿಡ್ರಿ. ಬರದಿದ್ರ ಛಲೋ ಆತು. ಇವತ್ತ ರಾತ್ರಿ ಉಣ್ಣೂಮುಂದ ನಾನ ಹೇಳ್ತೇನಿ ಆಕಿಗೆ. ತಪ್ಪಾತವಾ ಅಂತೇನಿ” ಎಂದರು.

ನಾನು ಎದ್ದೆ. ತಂದೆ ಮಗಳ ನಡುವಿನ ಅಂಥ ಮಾತಿಗೆ ಹೊರಗಿನವನು ಅಡ್ಡ ಬರಬಾರದು ಎಂದುಕೊಂಡೆ. ತಿರುಗುವ ಬಸ್ಸಿಗೆ ಹೊರಟುಬಿಟ್ಟೆ. ಮರುದಿನದ ತಮ್ಮ ಕಾಗದದಲ್ಲಿ ಸಿಟ್ಟಿದ್ದರೂ ನಾನು ಬೇಸರ ಪಡಲಿಲ್ಲ. ಅವರು ನಿಧಾನಕ್ಕೆ ಹೇಳಿಯೇ ಇರುತ್ತಾರೆ, ಈಗ ತಮ್ಮ ಮನೆಯಲ್ಲಿ ಎಲ್ಲವೂ ಸರಿಹೋಗಿರುತ್ತದೆ ಎಂದು ನಂಬಿದ್ದೇನೆ.

ಮತ್ತೊಂದು ನಿಜವನ್ನೂ ಹೇಳಿಬಿಡುತ್ತೇನೆ. ಅಂದು ಕನ್ಯಾ ನೋಡಿ ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ತಾಯಿ, “ಆ ಹುಡುಗಿ ಏನಂದ್ಲೋ?” ಎಂದು ಕೇಳಿದರು. ನನಗೆ ಆ ವಾಕ್ಯ ಬಹಳ ಹಿಡಿಸಿತ್ತು. ಆ ಉತ್ಸಾಹದಲ್ಲಿ ಕನ್ನಡ ಮಾಡಿ ಹೇಳಿಬಿಟ್ಟೆ. ಅವರ ಮುಖ ನೋಡಿದ ಮೇಲೆ ಈ ಸಂಬಂಧ ಮುಗಿಯಿತೆಂದು ಗೊತ್ತಾಯಿತು. ಏನಂತ ಹೇಳಿ ಕಳಿಸೋಣ ಎಂದಾಗ, ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿ ಎಂದವನು ನಾನೇ. ಅದರಿಂದ ಯಾರ ಮನಸ್ಸಿಗೂ ನೋವಾಗುವುದಿಲ್ಲ ಎಂದು ಆಗ ಅನಿಸಿತ್ತು. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಮಾಲತೇಶ


ಹೆಬ್ಬಳ್ಳಿ
19 ಜೂನ್ 2001

ಮಾಸ್ತರರೇ,

ನಿಮ್ಮ ನಮಸ್ಕಾರ ತಿಳಿಸಲು ಅಪ್ಪ ಇಲ್ಲ. ಹೋದ ವರ್ಷ ಯುಗಾದಿಯ ಹಿಂದಿನ ದಿನ ಹೋದ. ಹೋಗುವ ತನಕ ನನಗೆ ಏನೂ ಹೇಳಲಿಲ್ಲ.

ನೀವೇ ಆ ಮಾತು ಹುಟ್ಟಿಸಿದವರು ಎಂದು ಓದಿ ನನಗೆ ಹೊಸದಾಗಿ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದಕ್ಕಿಂತ ಮೇಲಿನ ಸಾಲಿನಲ್ಲೇ ನಾನು ನಿಂತುಬಿಟ್ಟಿದ್ದೆ. ರಾತ್ರಿ ಉಣ್ಣುವಾಗ ಹೇಳುತ್ತೇನೆ ಎಂದಿದ್ದನಂತೆ.

ಆ ರಾತ್ರಿ ಏನಾಯಿತು ಎಂದು ನನಗೆ ಗೊತ್ತಿದೆ, ನಿಮಗೆ ಗೊತ್ತಿಲ್ಲ. ಕೇಳಿ. ನಾನು ರೊಟ್ಟಿ ಬಡಿಸಿದೆ. ಇಡೀ ದಿನ ನಿಮಗಾಗಿ ಒಲೆಯ ಮುಂದೆ ಕೂತು ಕೂತು ನನ್ನ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡು, “ಭುವನಾ, ಇವತ್ತ ಕಟ್ಟಿ ಮ್ಯಾಲ ಒಬ್ಬಾಂವ ಛಲೋ ಮನಶಾ ಕುಂತಿದ್ದ. ಅವನ ಮುಂದ ಒಂದ್ ಮಾತು ಆಡೇನಿ. ಅದನ್ನ ನಿನ್ನ ಮುಂದನೂ...” ಎಂದ.

ನಾನು ಮುಗಿಸಗೊಡಲಿಲ್ಲ. “ಹಾದಿ ಮ್ಯಾಲಿನ ಮಂದಿ ಮುಂದ ಬೇಕಾದ್ದು ಆಡಕೋ. ನನ್ನ ಮುಂದ ಏನೂ ಬ್ಯಾಡ. ಸುಮ್ನ ಉಣ್ಣು, ರೊಟ್ಟಿ ಆರತಾವು” ಎಂದೆ.

ಅಪ್ಪ ಸುಮ್ಮನೆ ಉಂಡ. ಆಮೇಲೆ ಎಂದೂ ಆ ಮಾತು ತೆಗೆಯಲಿಲ್ಲ.

ನಾಲ್ಕನೆಯ ಮುದ್ರಣ ಬಂದರೆ ನನ್ನ ಹೆಸರನ್ನು ತೆಗೆಯಿರಿ. ಆ ಚಹಾದ ವಾಕ್ಯವನ್ನೂ ತೆಗೆಯಿರಿ. ಅದರ ಜಾಗದಲ್ಲಿ ಇದನ್ನು ಹಾಕಿ: ‘ರೊಟ್ಟಿ ಆರುತ್ತಿವೆ, ಸುಮ್ಮನೆ ಉಣ್ಣು ಎಂದು ಮಗಳು ಸೌರ್ಲಿ ಹೇಳಿದಳು.’ ಇಂಗ್ಲಿಷ್ ನೀವೇ ಮಾಡಿಕೊಳ್ಳಿ.

ಭುವನೇಶ್ವರಿ